ಹಸುವಿನಲ್ಲಿ ಪಾಲು ತಗೊಂಡು ಹಾಲು ತರೋದು: ಉತ್ತರ ವರ್ಜೀನಿಯಾದಲ್ಲಿ ಯಾರಾದರೂ ಮಾಡ್ತಿದ್ದೀರಾ?

ಕಡಗೋಲು (ಆಶ್‌ಬರ್ನ್, ವರ್ಜೀನಿಯಾ)

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬಂದು ಏಳು ವರ್ಷ ಆಯ್ತು. ಅಂಗಡಿ ಹಾಲಿಗೇ ಹೆಪ್ಪು ಹಾಕ್ತೀನಿ, ಮೊಸರೇನೋ ಆಗುತ್ತೆ, ಆದರೆ ಈ ಏಳು ವರ್ಷದಲ್ಲಿ ಕೆನೆ ಅನ್ನೋದನ್ನ ಕಂಡಿಲ್ಲ. ಹೋದ ತಿಂಗಳು ಮೈಸೂರಿಂದ ಅತ್ತೆ ಬಂದರು. ಮೊಮ್ಮಗನಿಗೆ ಬೆಣ್ಣೆ ತೆಗೆಯೋದು ತೋರಿಸಬೇಕು ಅಂತ ಕಡಗೋಲನ್ನ ಸೀರೆಗಳ ಮಧ್ಯೆ ಸುತ್ತಿ ಸೂಟ್‌ಕೇಸಲ್ಲಿ ತಂದಿದ್ದಾರೆ. ಒಂದು ವಾರ ದಿನಾ ಹಾಲು ಕಾಯಿಸಿ, ಆರಿಸಿ, ಫ್ರಿಜ್ಜಲ್ಲಿಟ್ಟು ನೋಡಿದರು. ಮೇಲೆ ಕಾಗದದಂಥ ಒಂದು ಪೊರೆ, ಅಷ್ಟೇ. "ಇದು ಯಾವ ಹಸುವಿನ ಹಾಲೇ?" ಅಂತ ಕೇಳಿದರು. ಉತ್ತರ ಹೇಳೋಕೆ ನನಗೆ ಆಗಲಿಲ್ಲ.

ಮಗನ ಶಾಲೆಯಲ್ಲಿ ಪರಿಚಯವಾದ ಒಬ್ಬರು ಹರ್ಡ್ ಶೇರ್ ಅಂತ ಹೇಳಿದರು. ಹಸುವಿನಲ್ಲಿ ಪಾಲು ತಗೊಂಡರೆ ವಾರಕ್ಕೊಮ್ಮೆ ಫಾರ್ಮಿಗೆ ಹೋಗಿ ಹಾಲು ತರಬಹುದಂತೆ. ಅವರ ಮನೆಯಲ್ಲಿ ಕಾಯಿಸದೆ ಹಾಗೇ ಕುಡೀತಾರೆ. ನನಗೀಗ ಐದು ತಿಂಗಳು, ಮಗನಿಗೆ ನಾಲ್ಕು ವರ್ಷ. ಹಾಲು ಬೇಕು, ಹೆದರಿಕೆಯೂ ಇದೆ. ಇದು ಕಾನೂನಿಗೆ ಸರೀನಾ? ಎಷ್ಟು ಖರ್ಚು? ಅನುಭವ ಇದ್ದವರು ಹೇಳಿ.

ವರ್ತನೆಹಾಲು (ವಾರೆಂಟನ್, ವರ್ಜೀನಿಯಾ)

ಕಡಗೋಲು ಅವರೇ, ನಾನು ನಾಲ್ಕು ವರ್ಷದಿಂದ ಪಾಲುದಾರ. ಸ್ವಲ್ಪ ಉದ್ದವಾಗಿಯೇ ಬರೀತೀನಿ, ಇದನ್ನ ಅರ್ಧಂಬರ್ಧ ತಿಳ್ಕೊಂಡು ಸೇರಿ ಆಮೇಲೆ ಬೇಜಾರು ಮಾಡ್ಕೊಂಡವರನ್ನ ನೋಡಿದ್ದೀನಿ.

ಇಲ್ಲಿ ನೀವು ಹಾಲು ಕೊಳ್ಳೋದಿಲ್ಲ. ಮಂದೆಯಲ್ಲಿ ಒಂದು ಪಾಲು ಕೊಳ್ತೀರ. ನಮ್ಮ ಕಡೆ ಹಸು, ಕುರಿಯನ್ನ ಇನ್ನೊಬ್ಬರಿಗೆ ಪಾಲಿಗೆ ಸಾಕೋಕೆ ಕೊಡ್ತಾರಲ್ಲ, ಅದೇ ಲೆಕ್ಕ ಅಂದ್ಕೊಳ್ಳಿ. ಒಡೆತನ ನಿಮ್ಮದು, ಸಾಕೋದು ಅವರು. ಎರಡು ಕಾಗದಕ್ಕೆ ಸಹಿ ಹಾಕಿಸ್ತಾರೆ. ಒಂದು ಪಾಲಿನ ಕ್ರಯಪತ್ರ, ಇನ್ನೊಂದು ಸಾಕಣೆ ಒಪ್ಪಂದ. ನಾನು ಪಾಲಿಗೆ ಒಂದೇ ಸಲ 75 ಡಾಲರ್ ಕೊಟ್ಟೆ. ಆಮೇಲೆ ಮೇವು, ಕೊಟ್ಟಿಗೆ, ಕೂಲಿ ಅಂತ ತಿಂಗಳಿಗೆ 48 ಡಾಲರ್. ಅದಕ್ಕೆ ವಾರಕ್ಕೊಂದು ಗ್ಯಾಲನ್, ಅಂದರೆ 3.8 ಲೀಟರಿನಷ್ಟು. ಅರ್ಧ ಪಾಲೂ ಉಂಟು. ಬೇರೆ ಫಾರ್ಮುಗಳಲ್ಲಿ ದರ ಬೇರೆ.

ಜನ ಎಡವೋದು ಇಲ್ಲಿ. ತಿಂಗಳ ದುಡ್ಡು ಹಾಲಿನ ಬೆಲೆ ಅಲ್ಲ, ಹಸುವಿನ ಖರ್ಚು. ನೀವು ಮೂರು ವಾರ ಊರಿಗೆ ಹೋದರೂ ಕೊಡಲೇಬೇಕು, ಹಸು ಆ ಮೂರು ವಾರವೂ ಹುಲ್ಲು ತಿಂದಿರುತ್ತೆ. ಕರು ಹಾಕೋಕೆ ಎರಡು ತಿಂಗಳು ಮುಂಚೆ ಹಸುವನ್ನ ಬತ್ತಿಸ್ತಾರೆ. ದೊಡ್ಡ ಮಂದೆಯಾದರೆ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತೆ. ನಮ್ಮದು ಆರೇ ಹಸುವಿನ ಕೊಟ್ಟಿಗೆ, ಎಲ್ಲ ಹೆಚ್ಚುಕಮ್ಮಿ ಒಟ್ಟಿಗೇ ವಸಂತದಲ್ಲಿ ಕರು ಹಾಕುತ್ತವೆ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಅರ್ಧಕ್ಕರ್ಧ ಹಾಲು. ಮೊದಲನೇ ವರ್ಷ ನನಗೂ ಕಿರಿಕಿರಿ ಆಯ್ತು. ಆಮೇಲೆ ಅಜ್ಜಿ ಮನೆ ನೆನಪಾಯ್ತು. ಅಲ್ಲಿ ಗೌರಿ ಬತ್ತಿದಾಗ ಎರಡು ತಿಂಗಳು ಕಾಫಿಗೆ ಪಕ್ಕದ ಮನೆಯ ವರ್ತನೆ ಹಾಲು. ಯಾರೂ ಗೊಣಗಿದ್ದು ನೆನಪಿಲ್ಲ.

ಜೆರ್ಸಿ ಹಸುಗಳು. ಹಾಲು ಅರ್ಧ ಗ್ಯಾಲನ್‌ನ ಗಾಜಿನ ಜಾಡಿಯಲ್ಲಿ ಬರುತ್ತೆ. ಒಂದು ರಾತ್ರಿ ಫ್ರಿಜ್ಜಲ್ಲಿ ಇಟ್ಟರೆ ಜಾಡಿಯ ಭುಜದ ಕೆಳಗೆ ಒಂದು ಗೆರೆ ಕಾಣುತ್ತೆ. ಮೇಲೆ ಹಳದಿ ಕೆನೆ, ಕೆಳಗೆ ಬಿಳಿ ಹಾಲು. ನಿಮ್ಮ ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಆ ಗೆರೆ. ಅಂಗಡಿ ಹಾಲನ್ನ ಹೋಮೊಜಿನೈಸ್ ಮಾಡಿರ್ತಾರೆ, ಕೊಬ್ಬಿನ ಹನಿಗಳನ್ನ ಒತ್ತಡದಲ್ಲಿ ಒಡೆದು ಪುಡಿ ಮಾಡಿರ್ತಾರೆ, ಆಮೇಲೆ ಅವು ಮೇಲೆ ಬರೋದೇ ಇಲ್ಲ. ಹಾಲು ಕಾಯಿಸಿದ್ದು ತಪ್ಪಲ್ಲ, ಕೊಬ್ಬು ಒಡೆದದ್ದಕ್ಕೆ ಕೆನೆ ಇಲ್ಲ. ಇದು ಎರಡು ಬೇರೆ ಬೇರೆ ಕೆಲಸ ಅಂತ ಗೊತ್ತಿಲ್ಲದೆ ತುಂಬ ಜನ "ಕೆನೆ ಬೇಕಂದ್ರೆ ಹಸಿ ಹಾಲೇ ಆಗ್ಬೇಕು" ಅಂದ್ಕೋತಾರೆ.

ಧಾರವಾಡ_ಎಮ್ಮಿ (ಜರ್ಮನ್‌ಟೌನ್, ಮೇರಿಲ್ಯಾಂಡ್)

ನಾವು ನದಿ ಈ ಕಡೆ ಅದೇವ್ರಿ. ಮೇರಿಲ್ಯಾಂಡ್‌ದಾಗ ಇದು ನಡಿಯೂದಿಲ್ಲ ಅಂತಾರ. ಖರೇ ಏನ್ರಿ? ಅರ್ಧಾ ತಾಸಿನ ಹಾದಿ, ಸೇತುವೆ ದಾಟಿದ್ರ ವರ್ಜೀನಿಯಾ. ಅಲ್ಲಿ ಪಾಲು ತಗೋಬಹುದು, ಇಲ್ಲಿ ಬ್ಯಾಡ ಅಂದ್ರ ಹೆಂಗ್ರಿ?

ವರ್ತನೆಹಾಲು

ಖರೇ ಸರ್. ಇಲ್ಲಿ ರಾಜ್ಯಕ್ಕೊಂದು ಕಾನೂನು. ವರ್ಜೀನಿಯಾದಲ್ಲಿ ಹಸಿ ಹಾಲನ್ನ ಮಾರೋ ಹಾಗಿಲ್ಲ, ಆದರೆ ಪಾಲುದಾರರು ತಮ್ಮ ಮಂದೆಯ ಹಾಲನ್ನ ಒಯ್ಯಬಹುದು. ಪೆನ್ಸಿಲ್ವೇನಿಯಾದಲ್ಲಿ ಪರವಾನಗಿ ಇದ್ದ ಫಾರ್ಮು ನೇರವಾಗಿ ಮಾರಬಹುದು. ಮೇರಿಲ್ಯಾಂಡಲ್ಲಿ ಮಾರಾಟಕ್ಕೆ ಅವಕಾಶ ಇಲ್ಲ. ಕೊಲರಾಡೊ 2005ರಲ್ಲಿ, ಟೆನೆಸಿ 2009ರಲ್ಲಿ ಪಾಲುದಾರಿಕೆಗೆ ಕಾನೂನಲ್ಲೇ ಜಾಗ ಮಾಡಿಕೊಟ್ಟವು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಸಿ ಹಾಲು ಮಾರೋದನ್ನ ಮಾತ್ರ ಕೇಂದ್ರ ಸರ್ಕಾರ 1987ರಿಂದಲೇ ನಿಷೇಧಿಸಿದೆ. ಆದ್ದರಿಂದ "ನಿಮ್ಮ ಮನೆ ಬಾಗಿಲಿಗೆ ಗಡಿ ದಾಟಿಸಿ ತಂದುಕೊಡ್ತೀವಿ" ಅಂತ ಯಾರಾದರೂ ಅಂದರೆ ದೂರ ಇರಿ. ಕಾನೂನು ಅಷ್ಟು ಸುಲಭವಾಗಿ ಮುರಿಯೋರು ಪಾತ್ರೆ ತೊಳೆಯೋದರಲ್ಲಿ ಶಿಸ್ತಾಗಿರ್ತಾರೆ ಅಂತ ನನಗೆ ನಂಬಿಕೆ ಬರಲ್ಲ.

ರಾಲಿಯ_ಕನ್ನಡಿಗ (ನಾರ್ತ್ ಕ್ಯಾರೊಲಿನಾ)

ನಮ್ಮಲ್ಲೂ 2018ರಿಂದ ಪಾಲುದಾರಿಕೆಗೆ ಒಪ್ಪಿಗೆ ಇದೆ. ಅದಕ್ಕೆ ಮುಂಚೆ ಅಂಗಡಿಯಲ್ಲಿ "ಸಾಕುಪ್ರಾಣಿಗಳಿಗೆ ಮಾತ್ರ" ಅಂತ ಚೀಟಿ ಅಂಟಿಸಿದ ಹಾಲು ತಂದು ಕಾಫಿ ಮಾಡ್ತಿದ್ದವರು ನನಗೆ ಗೊತ್ತು.

ನೊರೆಹಾಲು (ರಿಚ್‌ಮಂಡ್, ವರ್ಜೀನಿಯಾ)

ನಾನು ಎರಡು ವರ್ಷದಿಂದ ಕಾಯಿಸದೆ ಕುಡೀತಿದ್ದೀನಿ, ಏನೂ ಆಗಿಲ್ಲ. ತಾತ ಹಾಲು ಕರೀತಾ ಕೂತಿದ್ದಾಗ ನಾನು ಲೋಟ ಹಿಡ್ಕೊಂಡು ಪಕ್ಕದಲ್ಲಿ ನಿಲ್ತಿದ್ದೆ. ಕೆಚ್ಚಲಿನಿಂದ ನೇರವಾಗಿ ಲೋಟಕ್ಕೆ ಬಿಸಿ ಬಿಸಿ ನೊರೆಹಾಲು. ಆ ರುಚಿ ಮತ್ತೆ ಸಿಕ್ಕಿದ್ದು ಇಲ್ಲೇ. ಅಂಗಡಿ ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರ, ಇದು ಕುಡಿದರೆ ಇಲ್ಲ. ಯುರೋಪಿನಲ್ಲಿ ಹಳ್ಳಿ ಮಕ್ಕಳ ಮೇಲೆ ದೊಡ್ಡ ಅಧ್ಯಯನ ಆಗಿದೆ, 2011ರಲ್ಲಿ ಪ್ರಕಟವಾದ ಗೇಬ್ರಿಯೆಲಾ ಅಧ್ಯಯನ. ಫಾರ್ಮ್ ಹಾಲು ಕುಡಿಯೋ ಮಕ್ಕಳಿಗೆ ಆಸ್ತಮಾ ಕಡಿಮೆ ಅಂತ ಅದರಲ್ಲಿದೆ. ಸಾಲದ್ದಕ್ಕೆ ಇದು ಎ2 ಹಾಲು. ಕಾಯಿಸಿದರೆ ಇದೆಲ್ಲ ಹೋಗುತ್ತೆ. ಕಾಯಿಸೋದೇ ಆದರೆ ಇಷ್ಟು ದುಡ್ಡು ಕೊಟ್ಟು, ಇಷ್ಟು ದೂರ ಹೋಗಿ ತರೋದು ಯಾಕೆ?

ದನದಡಾಕ್ಟ್ರು (ಈಗ ಮಗಳ ಮನೆ, ಮನಾಸಸ್, ಊರು ಹಾಸನ ಜಿಲ್ಲೆ)

ನೊರೆಹಾಲು ಅವರಿಗೂ, ಮುಖ್ಯವಾಗಿ ಕಡಗೋಲು ಅಮ್ಮನಿಗೂ ಬರೀತಿದ್ದೇನೆ. ಪಶುವೈದ್ಯನಾಗಿ ಮೂವತ್ತೊಂದು ವರ್ಷ ಹಳ್ಳಿಗಳಲ್ಲಿ ಕೆಲಸ ಮಾಡಿದವನು ನಾನು. ಹಾಲನ್ನು ನಿಮ್ಮಷ್ಟೇ ಪ್ರೀತಿಸುತ್ತೇನೆ.

ಮೊದಲು ನಿಮ್ಮ ಮಾತುಗಳಿಗೆ. ಎ2 ಎಂಬುದು ಬೀಟಾ ಕೇಸಿನ್ ಎಂಬ ಪ್ರೋಟೀನಿನ ಒಂದು ಬಗೆ. ಹಸುವಿನ ವಂಶವಾಹಿಯಲ್ಲಿ ಬರುವಂಥದ್ದು. ಕಾಯಿಸಿದರೂ ಎ2 ಎ2 ಆಗಿಯೇ ಇರುತ್ತದೆ. ಜೆರ್ಸಿ ಎಂದ ಮಾತ್ರಕ್ಕೆ ಎ2 ಅಲ್ಲ, ಬಾಲದ ಕೂದಲು ಕಿತ್ತು ಪರೀಕ್ಷೆಗೆ ಕಳಿಸಬೇಕು. ಹೊಟ್ಟೆ ಉಬ್ಬರ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಿಂದ ಬರುತ್ತಿದ್ದರೆ, ಅದು ಹಸಿ ಹಾಲಿನಲ್ಲೂ ಅಷ್ಟೇ ಇದೆ. ಸ್ಟ್ಯಾನ್‌ಫರ್ಡ್‌ನವರು ಲ್ಯಾಕ್ಟೋಸ್ ಒಗ್ಗದ 16 ಜನರಿಗೆ ಹಸಿ ಹಾಲು, ಅಂಗಡಿ ಹಾಲು ಎರಡನ್ನೂ ಕುಡಿಸಿ 2014ರಲ್ಲಿ ವರದಿ ಮಾಡಿದರು, ಹಸಿ ಹಾಲಿನಿಂದ ಪ್ರಯೋಜನ ಕಾಣಲಿಲ್ಲ. ಆಸ್ತಮಾ ಅಧ್ಯಯನ ಗಂಭೀರವಾದದ್ದು, ನಾನೂ ಒಪ್ಪುತ್ತೇನೆ. ಆದರೆ ಅದನ್ನು ಮಾಡಿದವರೇ ರೋಗಾಣುಗಳ ಅಪಾಯ ಇರುವುದರಿಂದ ಹಸಿ ಹಾಲು ಕುಡಿಯಿರಿ ಎಂದು ಸಲಹೆ ಕೊಡುವುದಕ್ಕಾಗದು ಎಂದಿದ್ದಾರೆ.

ಇನ್ನು "ನನಗೆ ಏನೂ ಆಗಿಲ್ಲ" ಎಂಬುದು. ಹಸು ಲಕಲಕ ಹೊಳೆಯುತ್ತಿರುತ್ತದೆ, ಕೆಚ್ಚಲು ಬಾವಿಲ್ಲ, ಮೇವು ತಿನ್ನುತ್ತಿದೆ. ಅದರ ಕರುಳಿನಲ್ಲಿ ಇ ಕೋಲಿ ಓ157 ಎಂಬ ಬ್ಯಾಕ್ಟೀರಿಯಾ ಇರಬಹುದು. ಹಸುವಿಗೆ ಅದರಿಂದ ಏನೂ ತೊಂದರೆ ಇಲ್ಲ. ಕರೆಯುವಾಗ ಹಸು ಒಮ್ಮೆ ಬಾಲ ಬೀಸಿ, ಸೆಗಣಿಯ ಸಣ್ಣ ಚೂರು ಬಕೆಟ್ಟಿಗೆ ಬಿದ್ದರೆ ಸಾಕು. ಮೊನ್ನೆ ಮಾಡಿದ ಪರೀಕ್ಷೆ ಮೊನ್ನೆಯ ಹಾಲಿಗೆ ಮಾತ್ರ. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ 2018ರ ಜೂನ್‌ನಲ್ಲಿ ಪಾಲುದಾರಿಕೆಯ ಹಾಲು ಕುಡಿದ ಪುಟ್ಟ ಮಕ್ಕಳು ಸಾಲಾಗಿ ಆಸ್ಪತ್ರೆ ಸೇರಿದರು, ಕೆಲವರಿಗೆ ಮೂತ್ರಪಿಂಡವೇ ಕೆಟ್ಟಿತು. ಕೊಲರಾಡೊದಲ್ಲಿ 2016ರಲ್ಲಿ ಇಂಥದೇ ಒಂದು ಪಾಲುದಾರಿಕೆಯಿಂದ 17 ಮಂದಿಗೆ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಬಂತು. ಅವರೂ ತಮ್ಮ ರೈತನನ್ನು ಚೆನ್ನಾಗಿ ಬಲ್ಲವರೇ.

ಹಸು ದಿನ ತುಂಬುವ ಮೊದಲೇ ಕರು ಹಾಕುವ ಕಂದು ರೋಗದ (ಬ್ರುಸೆಲ್ಲೋಸಿಸ್) ಬಗ್ಗೆ ನಮ್ಮವರಿಗೆ ಬೇರೆ ಹೇಳಬೇಕಿಲ್ಲ. ಕಂದು ಹಾಕಿದ ಹಸುವಿನ ಕಸ (ಮಾಸು) ತೆಗೆಯಲು ಕೈ ಹಾಕಿ ನನ್ನ ಜೊತೆಯ ಇಬ್ಬರು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಲ್ಲಿ ನರಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದಲ್ಲಿ ಅದು ಹಸುಗಳಲ್ಲಿ ಬಹುಮಟ್ಟಿಗೆ ಇಲ್ಲವಾಗಿದೆ, ಆದರೆ ಲಸಿಕೆಗೆ ಬಳಸುವ ಆರ್‌ಬಿ51 ತಳಿಯೇ ಕೆಲವೊಮ್ಮೆ ಹಾಲಿನಲ್ಲಿ ಬರುತ್ತದೆ. ಪೆನ್ಸಿಲ್ವೇನಿಯಾದ ಒಂದು ಫಾರ್ಮಿನ ಹಸಿ ಹಾಲಿನಿಂದ 19 ರಾಜ್ಯಗಳ ಜನ ಇದಕ್ಕೆ ಒಡ್ಡಿಕೊಂಡಿರಬಹುದು ಎಂದು 2019ರಲ್ಲಿ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳಿತು. ಕಂದು ರೋಗಕ್ಕೆ ಸಾಮಾನ್ಯವಾಗಿ ಕೊಡುವ ರಿಫಾಂಪಿಸಿನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಮೇಲಿಂದ 2024ರ ಮಾರ್ಚ್‌ನಿಂದ ಹಕ್ಕಿಜ್ವರ ಹಸುಗಳಿಗೂ ಬಂದಿದೆ. ಸೋಂಕು ತಗುಲಿದ ಹಸುವಿನ ಹಾಲಿನಲ್ಲೇ ವೈರಸ್ಸು ಹೇರಳ. ಆ ಹಸಿ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಕಾಯಿಸಿದರೆ ಈ ವೈರಸ್ಸೂ ಉಳಿಯುವುದಿಲ್ಲ.

ಕಡಗೋಲು ಅಮ್ಮ, ನಿಮಗೆ ಸ್ಪಷ್ಟವಾಗಿ ಹೇಳುತ್ತೇನೆ. ಬಸುರಿನಲ್ಲಿ ಹಸಿ ಹಾಲು ಬೇಡವೇ ಬೇಡ. ಲಿಸ್ಟೀರಿಯಾ ಎಂಬುದೊಂದಿದೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ತಾಯಿಗೆ ಸಣ್ಣ ಜ್ವರ ಬಂದು ಹೋದರೂ ಹೊಟ್ಟೆಯಲ್ಲಿರುವ ಮಗುವಿಗೆ ಉಳಿಗಾಲವಿಲ್ಲದಂತೆ ಮಾಡಬಹುದು. ನಾಲ್ಕು ವರ್ಷದ ಮಗುವಿಗೂ ಬೇಡ.

ಪಾಲು ತೆಗೆದುಕೊಳ್ಳಿ. ತಂದು ಕಾಯಿಸಿ. ನೊರೆಹಾಲು ಅವರು ಕೇಳಿದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ನಮ್ಮ ಹಿರಿಯರು ತಾಜಾ ಹಾಲಿಗೆ ಆಸೆಪಟ್ಟರು, ಹಸಿ ಹಾಲಿಗಲ್ಲ. ತಾತನ ಕೈಯಿಂದ ನೀವು ಕುಡಿದದ್ದು ಒಂದು ಲೋಟ. ಉಳಿದ ಹಾಲು ಅಜ್ಜಿಯ ಕೈಗೆ ಹೋಗಿ, ಒಲೆ ಹತ್ತಿ, ಉಕ್ಕಿ ಬಂದ ಮೇಲೇ ಮನೆಯವರಿಗೆ ಸಿಕ್ಕಿದ್ದು. ನೆನಪು ಮಾಡಿಕೊಳ್ಳಿ.

ಇಬ್ಬರಮ್ಮ (ಫೇರ್‌ಫ್ಯಾಕ್ಸ್, ವರ್ಜೀನಿಯಾ)

ಡಾಕ್ಟರ್ ಬರೆದದ್ದು ಓದಿ ಕೈ ನಡುಗಿತು. ನಾನು ಇದನ್ನ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ಸ್ನೇಹಿತರ ಜೊತೆ ಒಂದು ಫಾರ್ಮ್ ನೋಡೋಕೆ ಹೋಗಿದ್ವಿ. ಮಕ್ಕಳಿಗೆ ಪುಟ್ಟ ಪೇಪರ್ ಲೋಟದಲ್ಲಿ ಹಾಲು ಕೊಟ್ಟರು. ನನ್ನ ಚಿಕ್ಕವಳಿಗೆ ಆಗ ಮೂರು. ಕುಡಿದು ಮೇಲ್ತುಟಿ ಮೇಲೆ ಬಿಳಿ ಮೀಸೆ ಮಾಡ್ಕೊಂಡು ನಕ್ಕಳು, ಫೋಟೋ ಈಗಲೂ ಇದೆ. ನಾಲ್ಕನೇ ದಿನ ಜ್ವರ, ಹೊಟ್ಟೆ ಹಿಡ್ಕೊಂಡು ಅಳು, ಮಾರನೇ ದಿನ ಡೈಪರಲ್ಲಿ ರಕ್ತ. ಪರೀಕ್ಷೆಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಅಂತ ಬಂತು. ಅವಳು ವಾಸಿಯಾದಳು, ದೇವರು ದೊಡ್ಡವನು. ಆದರೆ ಆ ಐದು ರಾತ್ರಿ ಅವಳ ಬಾಯಿಗೆ ಚಮಚದಲ್ಲಿ ನೀರು ಹಾಕ್ತಾ ಕೂತಿದ್ದನ್ನ ನಾನು ಮರೆಯೋಕೆ ಆಗಲ್ಲ. ಫಾರ್ಮಿನವರು ಕೆಟ್ಟವರಲ್ಲ. ಅವರ ಮಕ್ಕಳೂ ಅದೇ ಹಾಲು ಕುಡೀತಿದ್ದರು. ನಮ್ಮಮ್ಮ ಫೋನಲ್ಲಿ ಕೇಳಿದ್ದು ಒಂದೇ ಮಾತು: "ಕಾಯಿಸದೆ ಯಾಕೆ ಕೊಟ್ರಿ?"

ನೊರೆಹಾಲು

ಇಬ್ಬರಮ್ಮ ಅವರೇ, ಓದಿ ತುಂಬ ಸಂಕಟ ಆಯ್ತು. ಮಗು ಈಗ ಚೆನ್ನಾಗಿದ್ದಾಳಲ್ಲ, ಅದು ದೊಡ್ಡದು.

ಡಾಕ್ಟ್ರೇ, ಅಜ್ಜಿ ಒಲೆ ಮಾತು ನೀವು ಹೇಳಿದ್ದು ನಿಜ. ಹಿತ್ತಾಳೆ ತಪ್ಪಲೆಯಲ್ಲಿ ಬೆರಣಿ ಕೆಂಡದ ಮೇಲೆ ಮಧ್ಯಾಹ್ನದವರೆಗೂ ಹಾಲು ಕಾಯ್ತಾನೇ ಇರ್ತಿತ್ತು, ಕೆನೆ ರೊಟ್ಟಿಯಷ್ಟು ದಪ್ಪ ಕಟ್ಟಿ ಕೆಂಪಗಾಗ್ತಿತ್ತು. ನನಗೆ ನೆನಪಿರೋದು ಲೋಟ ಮಾತ್ರ, ತಪ್ಪಲೆಯನ್ನ ಮರೆತೇಬಿಟ್ಟಿದ್ದೆ. ನಾನು ಕುಡಿಯೋದರ ಬಗ್ಗೆ ಇನ್ನೂ ಯೋಚನೆ ಮಾಡ್ತೀನಿ, ಅದು ನನ್ನ ಮೈ, ನನ್ನ ನಿರ್ಧಾರ. ಆದರೆ ಮನೆಗೆ ಬಂದ ಮಕ್ಕಳಿಗೆ ಇನ್ನು ಕಾಯಿಸದೆ ಕೊಡಲ್ಲ. ಇಷ್ಟು ದಿನ ಕೊಡ್ತಿದ್ದೆ.

ಧಾರವಾಡ_ಎಮ್ಮಿ

ನಮ್ಮ ಮನ್ಯಾಗ ಎಮ್ಮಿ ಹಾಲ ರೀ. ಅವ್ವ ಮೂರು ಸಲ ಉಕ್ಕು ಬರಿಸಿ ಇಳಸಾಕಿ. ಇಲ್ಲಿ ಪ್ಯಾಕೆಟ್ ಹಾಲನ್ನೂ ಕಾಸೇ ಕುಡೀತೀವಿ, ರೂಢಿ. ಹಂಗಾರ ನಮ್ಮಂಥವ್ರು ಪಾಲು ತಗೊಳ್ಳಾಕ ಬರದಿದ್ರ ಕೆನಿ ಹಾಲಿಗೆ ಬ್ಯಾರೆ ಹಾದಿ ಏನರ ಅದ ಏನ್ರಿ?

ವರ್ತನೆಹಾಲು

ಇದೆ ಸರ್, ಇದನ್ನ ನಾನು ಮೊದಲೇ ಹೇಳಬೇಕಿತ್ತು. ಸಣ್ಣ ಡೈರಿಗಳು ಕ್ರೀಮ್ ಟಾಪ್ ಅಂತ ಗಾಜಿನ ಬಾಟಲಿಯಲ್ಲಿ ಹಾಲು ಮಾರ್ತಾರೆ. ಪಾಶ್ಚರೀಕರಿಸಿದ್ದು, ಆದರೆ ಹೋಮೊಜಿನೈಸ್ ಮಾಡಿರಲ್ಲ. ಕೆಲವರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ನಿಧಾನಕ್ಕೆ ಕಾಯಿಸ್ತಾರೆ, ಕಾಯಿಸಿದ ವಾಸನೆ ಅಷ್ಟು ಬರಲ್ಲ. ಬಾಟಲಿ ಮೇಲೆ "ನಾನ್ ಹೋಮೊಜಿನೈಸ್ಡ್" ಅಂತ ಇದೆಯಾ ನೋಡಿ. ಅಲ್ಟ್ರಾ ಪಾಶ್ಚರೈಸ್ಡ್ ಅಂತಿದ್ದರೆ ಬಿಡಿ, ಅದು 138 ಡಿಗ್ರಿಗೆ ಏರಿಸಿದ್ದು. ಪಾಲಿಗಿಂತ ಇದು ಸುಲಭ, ತಿಂಗಳ ಕಟ್ಟುಪಾಡಿಲ್ಲ. ನಾನು ಪಾಲು ಬಿಡದೆ ಇರೋದು ಆ ಫಾರ್ಮಿನ ಮನೆಯವರಿಗಾಗಿ, ಆ ಆರು ಹಸುಗಳಿಗಾಗಿ. ಅಷ್ಟು ಸಣ್ಣ ಕೊಟ್ಟಿಗೆ ಸಗಟು ಹಾಲಿನ ದರದಲ್ಲಿ ಒಂದು ವರ್ಷವೂ ಬದುಕಲ್ಲ.

ದನದಡಾಕ್ಟ್ರು

ಫಾರ್ಮ್ ನೋಡಲು ಹೋದಾಗ ಹಸುವಿನ ಮುಖಕ್ಕಿಂತ ಮೊದಲು ಕರೆಯುವ ಜಾಗ ನೋಡಿ. ಕೆಚ್ಚಲು ತೊಳೆದು ಒರೆಸಿ ಒಣಗಿಸುತ್ತಾರೆಯೇ, ಹಸುವಿಗೊಂದು ಬಟ್ಟೆಯೇ ಅಥವಾ ಎಲ್ಲಕ್ಕೂ ಒಂದೇ ಬಟ್ಟೆಯೇ? ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ಗಡ್ಡೆ ಇದೆಯೇ ನೋಡುತ್ತಾರೆಯೇ? ಕರೆದ ಹಾಲು ಎಷ್ಟು ಹೊತ್ತಿನಲ್ಲಿ 4 ಡಿಗ್ರಿಗೆ ಇಳಿಯುತ್ತದೆ? ಪರೀಕ್ಷೆಯ ವರದಿ ಕೇಳಿ, ಕೋಲಿಫಾರ್ಮ್ (ಸೆಗಣಿ, ಕೊಳೆಯಿಂದ ಬರುವ ಬ್ಯಾಕ್ಟೀರಿಯಾ) ಮಿಲಿಲೀಟರಿಗೆ ಹತ್ತಕ್ಕಿಂತ ಕಡಿಮೆ ಇದ್ದರೆ ಕೈ ಶುದ್ಧವಾಗಿದೆ ಎಂದರ್ಥ. ರೋಗಾಣು ಇಲ್ಲ ಎಂದು ಅರ್ಥವಲ್ಲ. ವರದಿ ಕೇಳಿದಾಗ ಮುಖ ಗಂಟಿಕ್ಕಿದರೆ ವಾಪಸು ಬನ್ನಿ.

ಮನೆಯಲ್ಲಿ ಒಂದು ಕುದಿ ಸಾಕು. ಥರ್ಮಾಮೀಟರ್ ಇದ್ದರೆ ಕೈಯಾಡಿಸುತ್ತಾ 74 ಡಿಗ್ರಿಗೆ ತಂದು 15 ಸೆಕೆಂಡು ಹಿಡಿದರೂ ಆಯಿತು. ಹಸಿ ಹಾಲಿನ ಜಾಡಿಗೇ ಕಾಯಿಸಿದ ಹಾಲನ್ನು ತಿರುಗಿ ಸುರಿಯಬೇಡಿ.

ಇಬ್ಬರಮ್ಮ

ಹೆಪ್ಪಿನ ಬಗ್ಗೆ ಒಂದು ಮಾತು. ಹಸಿ ಹಾಲಿಗೆ ನೇರ ಹೆಪ್ಪು ಹಾಕಿದರೆ ಮೊಸರು ನೀರು ನೀರಾಗಿ, ಲೋಳೆಯಾಗಿ ಬರುತ್ತೆ. ಚೆನ್ನಾಗಿ ಕುದಿಸಿದ ಹಾಲಿಗೆ, 85 ಡಿಗ್ರಿ ದಾಟಿದ್ದಕ್ಕೆ, ಹಾಕಿದರೆ ಗಟ್ಟಿ ಕೂರುತ್ತೆ. ಬಿಸಿಗೆ ಹಾಲಿನ ಇನ್ನೊಂದು ಬಗೆಯ ಪ್ರೋಟೀನೂ ಹೆಣೆದುಕೊಳ್ಳುತ್ತಂತೆ. ಚಳಿಗಾಲದಲ್ಲಿ ಅವನ್ ದೀಪ ಹಾಕಿ ಒಳಗಿಡಿ.

ಕಡಗೋಲು

ಎಲ್ಲರಿಗೂ ಎರಡು ತಿಂಗಳಾದ ಮೇಲೆ ಬರೀತಿದ್ದೀನಿ, ಕ್ಷಮಿಸಿ. ಅರ್ಧ ಪಾಲು ತಗೊಂಡಿದ್ದೀವಿ.

ಮೊದಲು ನೋಡಿದ ಜಾಗದಲ್ಲಿ ಡಾಕ್ಟ್ರು ಹೇಳಿದ ಹಾಗೆ ವರದಿ ಕೇಳಿದೆ. "ನಮ್ಮ ಮೇಲೆ ನಂಬಿಕೆ ಇದ್ದರೆ ಸೇರಿ" ಅಂದರು. ವಾಪಸು ಬಂದ್ವಿ. ಎರಡನೇ ಜಾಗದಲ್ಲಿ ಹೆಂಗಸೊಬ್ಬರು ಕರೆಯುತ್ತಿದ್ದರು. ಕೇಳೋ ಮುಂಚೆಯೇ ವರದಿಯ ಕಡತ ತಂದು ಮೇಜಿನ ಮೇಲಿಟ್ಟರು. ಹಸುವಿಗೊಂದು ಬಟ್ಟೆ, ಒಗೆದು ಮಡಿಸಿದ್ದು, ತಂತಿ ಬುಟ್ಟಿಯಲ್ಲಿ. ಅತ್ತೆ ಒಂದು ಮಾತೂ ಆಡದೆ ಹಸುವಿನ ಹಿಂದೆ ಮುಂದೆ ನೋಡಿ, ಗಂಗೆದೊಗಲು ಸವರಿದರು. ಹಸು ಕತ್ತು ಉದ್ದ ಮಾಡಿ ನಿಂತುಬಿಡ್ತು. ಆ ಹೆಂಗಸಿಗೂ ಅತ್ತೆಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದರೂ ಅರ್ಧ ಗಂಟೆ ಕೊಟ್ಟಿಗೆಯಲ್ಲೇ ಇದ್ದರು. ನಾವು ಕಾಯಿಸ್ತೀವಿ ಅಂತ ಹೇಳೋಕೆ ನನಗೆ ಸಂಕೋಚ ಇತ್ತು. ಅವರು "ಪಾಲು ನಿಮ್ಮದು, ಹಾಲು ನಿಮ್ಮದು" ಅಂದರು.

ಭಾನುವಾರ ಹಾಲು ತರ್ತೀವಿ, ಬಂದ ಕೂಡಲೆ ಕಾಯಿಸ್ತೀವಿ, ಕೆನೆ ತೆಗೆದು ಡಬ್ಬಕ್ಕೆ. ಎರಡು ವಾರದ ಕೆನೆಗೆ ಹೆಪ್ಪು ಹಾಕಿ ಮೊನ್ನೆ ಕಡೆದ್ವಿ. ಮಗ ಸ್ಟೂಲ್ ಮೇಲೆ ನಿಂತು ಹಗ್ಗದ ಒಂದು ತುದಿ ಹಿಡಿದಿದ್ದ. ಇಪ್ಪತ್ತು ನಿಮಿಷ ಏನೂ ಇಲ್ಲ, ಅವನು ಅಳೋ ಹಾಗಾದ. ಅತ್ತೆ ಒಂದು ಲೋಟ ತಣ್ಣೀರು ಹಾಕಿದರು. ಸದ್ದು ಬದಲಾಯ್ತು, ಗಟ್ಟಿ ಸದ್ದು, ಕಡಗೋಲಿಗೆ ಮುತ್ತು ಮುತ್ತಾಗಿ ಹಳದಿ ಬೆಣ್ಣೆ. ತೂಗಿದರೆ 170 ಗ್ರಾಂ. ಕಾಯಿಸಿ ಇಳಿಸುವಾಗ ಹಾಕೋಕೆ ವೀಳ್ಯದೆಲೆ ಹುಡುಕಿದ್ದು ಇನ್ನೊಂದು ಕಥೆ, ಸಿಗಲಿಲ್ಲ, ಕರಿಬೇವಿನ ಎರಡು ಎಸಳು ಹಾಕಿದ್ವಿ.

ವರ್ತನೆಹಾಲು ಅವರೇ, ನಿಮ್ಮನ್ನ ಒಂದು ಕೇಳಬೇಕಿತ್ತು. ಇವರ ಹತ್ತಿರ ಕ್ಲೋವರ್ ಅಂತ ಒಂದು ಹಸು ಮಾರ್ಚಿಗೆ ಕರು ಹಾಕುತ್ತಂತೆ. ಗಿಣ್ಣುಹಾಲು ಕೇಳಬಹುದಾ? ಅಲ್ಲಿಯವರೆಗೆ ಅತ್ತೆ ಇರ್ತಾರೆ.

ವರ್ತನೆಹಾಲು

ಕೇಳಿ, ತಪ್ಪೇನಿಲ್ಲ. ಮೊದಲ ದಿನದ್ದು ಕರುವಿಗೆ ಬಿಡಬೇಕು, ಅದನ್ನ ಅವರು ಕೊಡಲ್ಲ, ಕೊಡಲೂಬಾರದು. ನಮಗೆ ಮೂರನೇ ದಿನದ ಒಂದು ಜಾಡಿ ಕೊಡ್ತಾರೆ. ಅಷ್ಟು ಹೊತ್ತಿಗೆ ತೆಳ್ಳಗಾಗಿರುತ್ತೆ, ಆದರೂ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಚೆನ್ನಾಗಿ ಬೇಯಿಸಿದರೆ ಕೂರುತ್ತೆ. ಈಗಲೇ ಹೇಳಿಡಿ, ಮಾರ್ಚಲ್ಲಿ ಹೇಳಿದರೆ ಹಂದಿಗೆ ಹಾಕಿಬಿಡ್ತಾರೆ, ಇಲ್ಲಿಯವರಿಗೆ ಅದರ ರುಚಿ ಗೊತ್ತಿಲ್ಲ.

ಧಾರವಾಡ_ಎಮ್ಮಿ

ಗಿಣ್ಣ ಸಿಕ್ರ ನಮಗೂ ಒಂದು ವಾಟಿ ಇಡ್ರಿ. ಸೇತುವೆ ದಾಟಿ ನಾವ ಬರ್ತೀವಿ.